ಸ್ಟೀಲ್ ತಟ್ಟೆ ಬಾಡಿಗೆಗೆ ತಂದ ರಾಜ್ಯೋತ್ಸವ

ಹಾಸನದ ಸಾಲಗಾಮೆ ರಸ್ತೆ ಕಡೆಯ ನಮ್ಮ ಬಡಾವಣೆಯಲ್ಲಿ ನವೆಂಬರ್ 1ಕ್ಕೆ ಬಾವುಟ ಹಾರಿಸಿ, ಎಲ್ಲರೂ ಒಟ್ಟಿಗೆ ಕೂತು ತಿಂಡಿ ತಿನ್ನುವುದು ರೂಢಿ. ಈ ಸಲ ಶಾಮಿಯಾನ, ಪಾತ್ರೆ ಎರಡನ್ನೂ ಹತ್ತಿರದ ಬಾಡಿಗೆ ಅಂಗಡಿಯಿಂದಲೇ ತರಿಸಿದೆವು. ತಟ್ಟೆಯ ಜವಾಬ್ದಾರಿ ನನ್ನದು.

ಹಿಂದಿನ ವರ್ಷ ಬೇರೆಯವರು ತಂದುಕೊಟ್ಟಿದ್ದು ಪ್ಲಾಸ್ಟಿಕ್ ತಟ್ಟೆ, ಲೋಟ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಅವಕ್ಕೆ ನಿಷೇಧವಿದೆ. ಸಂಜೆ ಮೋರಿಯಲ್ಲಿ ತೇಲುತ್ತಿದ್ದ ಲೋಟಗಳನ್ನು ನೋಡಿ ಹೊಟ್ಟೆ ಉರಿದಿತ್ತು.

ಈ ಅಂಗಡಿಯವರು 150 ಸ್ಟೀಲ್ ತಟ್ಟೆ ಕೊಟ್ಟರು. ಮನೆಯ ತಟ್ಟೆಗಳ ಜೊತೆ ಬೆರೆಯದಿರಲೆಂದು ಪ್ರತಿಯೊಂದರ ಹಿಂದೆ ಕೆಂಪು ಬಣ್ಣದ ಚುಕ್ಕೆ. ಮೂಸಿ ನೋಡಿದೆ, ಜಿಡ್ಡಿಲ್ಲ, ಹಳೇ ಸಾರಿನ ವಾಸನೆಯಿಲ್ಲ. ಹುಡುಗ ಹತ್ತತ್ತರ ಗುಡ್ಡೆ ಮಾಡಿ ಎಣಿಸಿದ. "ಅಕ್ಕಾ, ನೀವೂ ಒಂದ್ಸಲ ಎಣಿಸ್ಕೊಳಿ, ಆಮೇಲೆ ಮಾತು ಬ್ಯಾಡ" ಅಂದ. ಎರಡು ಲೋಟ ಕಳೆದವು, ಅದರ ದುಡ್ಡು ಹಿಡಿದುಕೊಂಡರು. ನ್ಯಾಯವೇ.

ಶಾಮಿಯಾನ ಮಾತ್ರ ತಡ. ಎಂಟಕ್ಕೆ ಬಾವುಟ, ಏಳೂಮುಕ್ಕಾಲಿಗೂ ಗೂಟ ಹೊಡೆಯುತ್ತಿದ್ದರು. ವಯಸ್ಸಾದವರು ನಿಂತೇ ಇರಬೇಕಾಯಿತು, ಬೇಜಾರಾಯಿತು.

ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಅವರವರ ತಟ್ಟೆ ಅವರವರೇ ತೊಳೆದರು. ಮಾತುಕತೆ ಆಗಿದ್ದೆಲ್ಲ ಆ ನಲ್ಲಿಯ ಹತ್ತಿರವೇ! ಹಿಂದಿನ ರಸ್ತೆಯ ಬೀದಿದೀಪ ತಿಂಗಳಿಂದ ಉರಿಯುತ್ತಿಲ್ಲವೆಂದು ನನಗೆ ಗೊತ್ತಾಗಿದ್ದು ಅಲ್ಲಿ. ಒದ್ದೆ ಕೈ ಒರೆಸಿಕೊಂಡು ಎಂಟು ಮನೆಯವರು ಅರ್ಜಿಗೆ ಸಹಿ ಹಾಕಿದರು. ಕಾಗದದ ತಟ್ಟೆ ಎಸೆದು ಹೋಗಿದ್ದರೆ ಯಾರು ಅಷ್ಟು ಹೊತ್ತು ನಿಲ್ಲುತ್ತಿದ್ದರು?

ಜನವರಿ 26ಕ್ಕೂ ಇವರಿಗೇ ಹೇಳಿದ್ದೇನೆ, ಶಾಮಿಯಾನ ಹಿಂದಿನ ರಾತ್ರಿಯೇ ಕಟ್ಟಬೇಕೆಂಬ ಮಾತಿನ ಮೇಲೆ.