ಕನ್ನಡ ಇ-ಪುಸ್ತಕಕ್ಕೆ ಪಿಡಿಎಫ್ ಮೇಲೋ, ಇಪಬ್ ಮೇಲೋ?

ಕನ್ನಡ ಪುಸ್ತಕಗಳನ್ನು ಪರದೆಯ ಮೇಲೆ ಓದುವವರ ಕೈಗೆ ಸಾಮಾನ್ಯವಾಗಿ ಸಿಗುವುದು ಪಿಡಿಎಫ್, ಇಪಬ್ ಮತ್ತು ಮೋಬಿ ಎಂಬ ಮೂರು ಬಗೆಯ ಕಡತಗಳು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವಾಗ ನಮ್ಮ ಬಳಿ ಯಾವ ಸಾಧನವಿದೆ ಎಂಬುದಕ್ಕಿಂತ, ಕಡತದೊಳಗೆ ಕನ್ನಡದ ಅಕ್ಷರ ಯಾವ ರೂಪದಲ್ಲಿ ಕುಳಿತಿದೆ ಎಂಬುದೇ ಮುಖ್ಯವೆಂದು ನನ್ನ ಅನಿಸಿಕೆ. ಕಲಬುರಗಿಯ ಮನೆಯಲ್ಲೂ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನಲ್ಲೂ ವಚನಗಳ ಸಂಕಲನವೊಂದನ್ನು ಮತ್ತು ಮಳಖೇಡದ ರಾಷ್ಟ್ರಕೂಟರ ಇತಿಹಾಸವೊಂದನ್ನು ಆರು ಇಂಚಿನ ಇ-ರೀಡರ್, ಮೊಬೈಲ್ ಹಾಗೂ ಕಂಪ್ಯೂಟರಿನಲ್ಲಿ ಓದಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಪಿಡಿಎಫ್‌ನ ಉದ್ದೇಶವೇ ಪುಟವನ್ನು ಎಲ್ಲಿ ತೆರೆದರೂ ಅಚ್ಚಿನಲ್ಲಿದ್ದಂತೆ ತೋರಿಸುವುದು. ಫಾಂಟ್ ಕಡತದೊಳಗೇ ಅಡಕವಾಗಿರುವುದರಿಂದ ಒತ್ತಕ್ಷರ ಒಡೆಯುವುದಿಲ್ಲ, ವಚನದ ಸಾಲು ಮುರಿಯುವುದಿಲ್ಲ, ನಕ್ಷೆ ಮತ್ತು ಶಾಸನದ ಚಿತ್ರ ಇದ್ದಲ್ಲೇ ಇರುತ್ತವೆ. ಆದರೆ ದೊಡ್ಡ ಪುಟ ಸಣ್ಣ ಪರದೆಗೆ ಇಳಿದಾಗ ಅಕ್ಷರವೂ ಕುಗ್ಗುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು, ಓಡುವ ರೈಲಿನಲ್ಲಿ ಅದು ಬಹುಬೇಗ ಬೇಸರ ತರಿಸುತ್ತದೆ.

ಇನ್ನು ಪಿಡಿಎಫ್ ಎಂದು ಕರೆಯುವ ಕಡತಗಳೆಲ್ಲ ಒಂದೇ ಜಾತಿಯವಲ್ಲ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಲ್ಲಿ ಅಕ್ಷರಗಳೇ ಇರುವುದಿಲ್ಲ, ಪುಟದ ಚಿತ್ರ ಮಾತ್ರ ಇರುತ್ತದೆ. ಅಂಥ ಭಾರದ ಕಡತ ಇ-ರೀಡರಿನಲ್ಲಿ ತಡವರಿಸುತ್ತ ತೆರೆದುಕೊಳ್ಳುತ್ತದೆ. ಕನ್ನಡ ಟೈಪಿಸಲು ಬಳಸುವ 'ನುಡಿ'ಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪಿಡಿಎಫ್ ಕಣ್ಣಿಗೆ ಅಂದವಾಗಿಯೇ ಕಾಣುತ್ತದೆ, ಆದರೆ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಪ್ರತಿ ಅಕ್ಷರಕ್ಕೂ ಎಲ್ಲ ಸಾಧನಗಳಲ್ಲಿ ಒಂದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದ ಪಿಡಿಎಫ್ ಕೂಡ ಪೂರ್ತಿ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಅದು ಅಕ್ಷರದ ಆಕೃತಿಗಳನ್ನು ಜೋಡಿಸಿಡುತ್ತದೆಯೇ ಹೊರತು ನಾವು ಟೈಪಿಸುವ ಕ್ರಮವನ್ನು ಯಾವಾಗಲೂ ಉಳಿಸಿಕೊಳ್ಳುವುದಿಲ್ಲ. 'ರಾಷ್ಟ್ರಕೂಟ' ಎಂದು ಹುಡುಕಿದರೆ, ಆ ಪದವೇ ತುಂಬಿರುವ ಪುಟಗಳಲ್ಲೂ ಅದು ಸಿಗದೆ ಹೋಗಬಹುದು.

2007ರಲ್ಲಿ ಮಾನಕವಾದ ಇಪಬ್ ಒಳಗಿನಿಂದ ನೋಡಿದರೆ ಜಾಲಪುಟಗಳನ್ನು ಕಟ್ಟಿಟ್ಟ ಒಂದು ಗಂಟು. ಪಠ್ಯ ಯೂನಿಕೋಡ್‌ನಲ್ಲಿರುವುದರಿಂದ ಹುಡುಕಾಟ ಸರಿಯಾಗಿ ನಡೆಯುತ್ತದೆ, ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ಪರದೆಗೆ ತಕ್ಕಂತೆ ತಾವೇ ಹೊಂದಿಕೊಳ್ಳುತ್ತವೆ. ನಲವತ್ತು ದಾಟಿದ ಕಣ್ಣುಗಳಿಗೆ ಇದೊಂದೇ ಸಾಕು. ಆದರೆ ಇಲ್ಲಿ ಅಕ್ಷರವನ್ನು ಪರದೆಯ ಮೇಲೆ ಮೂಡಿಸುವ ಕೆಲಸ ಸಾಧನದ ಪಾಲಿಗೆ ಬರುತ್ತದೆ: ಕೆಲವು ಓದುವ ಆ್ಯಪ್‌ಗಳಲ್ಲಿ ಒತ್ತು ಬೇರೆಯಾಗಿ ನಿಂತಿತು, ಇತಿಹಾಸ ಗ್ರಂಥದಲ್ಲಿ ಉದ್ಧರಿಸಿದ ಹಳೆಗನ್ನಡ ಪದ್ಯಗಳ ಱ ಮತ್ತು ೞ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡವು. ನೋಟೋ ಸೆರಿಫ್ ಕನ್ನಡದಂಥ ಫಾಂಟನ್ನು ಇಪಬ್‌ನೊಳಗೇ ಸೇರಿಸಿ, ಪ್ರಕಾಶಕರ ಫಾಂಟ್ ಬಳಸುವ ಆಯ್ಕೆಯನ್ನು ಸಾಧನದಲ್ಲಿ ಒತ್ತಿದ ಮೇಲೆ ಚೌಕಗಳು ಹೋದವು. ಒತ್ತು ಮಾತ್ರ ಆ್ಯಪ್ ಬದಲಿಸಿದ ಮೇಲೆಯೇ ಸರಿಹೋಯಿತು. ವಚನಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅಕ್ಷರ ದೊಡ್ಡದಾದಾಗ ಉದ್ದದ ಸಾಲು ಮಡಚಿಕೊಳ್ಳುತ್ತದೆ, ಮಡಚಿದ ಭಾಗವನ್ನು ಒಳಕ್ಕೆ ಸರಿಸಿ ವಿನ್ಯಾಸಗೊಳಿಸಿರದಿದ್ದರೆ ಯಾವುದು ಹೊಸ ಸಾಲು, ಯಾವುದು ಹಿಂದಿನದರ ಮುಂದುವರಿಕೆ ಎಂಬುದು ತಿಳಿಯುವುದಿಲ್ಲ.

ಅಮೆಜಾನಿನ ಇ-ರೀಡರ್ ಆದ ಕಿಂಡಲ್‌ನಲ್ಲಿ ಹಿಂದೆ ಬಳಕೆಯಲ್ಲಿದ್ದ ಮೋಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಮೋಬಿಯೊಳಗೆ ಫಾಂಟ್ ಅಡಕ ಮಾಡಲು ಬರುವುದಿಲ್ಲ, ಕಿಂಡಲ್‌ಗೆ ಕಡತ ಕಳುಹಿಸುವ ಅಮೆಜಾನ್ ಸೇವೆಯೂ ಇಪಬ್ ಸ್ವೀಕರಿಸತೊಡಗಿ ಮೋಬಿಯನ್ನು ಕೈಬಿಟ್ಟಿದೆ.

ಹೀಗಾಗಿ ಕಾದಂಬರಿ, ಪ್ರಬಂಧ ಮತ್ತು ಎಚ್ಚರದಿಂದ ಸಿದ್ಧಪಡಿಸಿದ ವಚನ ಸಂಕಲನಗಳಿಗೆ ನಾನು ಇಪಬ್ಬನ್ನೇ ಆರಿಸುತ್ತೇನೆ. ನಕ್ಷೆ, ಶಾಸನ ಪಾಠ, ಕೋಷ್ಟಕಗಳಿರುವ ಗ್ರಂಥಗಳನ್ನು ಪಿಡಿಎಫ್‌ನಲ್ಲಿಟ್ಟು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಓದುತ್ತೇನೆ. ಪಿಡಿಎಫ್ ಮಾತ್ರ ಸಿಕ್ಕಾಗ ಕ್ಯಾಲಿಬರ್ ತಂತ್ರಾಂಶದಿಂದ ಅದನ್ನು ಇಪಬ್ ಮಾಡಿಕೊಳ್ಳಬಹುದೆಂದು ಹಲವರು ಸಲಹೆ ಕೊಡುತ್ತಾರೆ. ಕನ್ನಡದ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಒತ್ತುಗಳ ಕ್ರಮ ಕೆಟ್ಟು ಬಂದ ಪಠ್ಯವನ್ನು ತಿದ್ದುವುದಕ್ಕಿಂತ ಅಂಚುಗಳನ್ನು ಕತ್ತರಿಸಿ, ಸಾಧನವನ್ನು ಅಡ್ಡ ಹಿಡಿದು ಅದೇ ಪಿಡಿಎಫ್ ಓದುವುದು ಸುಲಭ.