ಆಂಪ್‌ಗೆ ಹಾಕಿದರೆ ಕಿವಿಗೆ ಚುಚ್ಚುತ್ತಿದ್ದ ಗಿಟಾರ್: ವರ್ಷಗಳ ಬಳಕೆಯ ನಂತರ

ಕೇಬಲ್ ಹಾಕದೆ ನುಡಿಸಿದರೆ ಈ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರ್ ಬಗ್ಗೆ ನನಗೆ ಒಂದು ದೂರೂ ಇಲ್ಲ. ಸ್ಪ್ರೂಸ್ ಟಾಪ್, ಡ್ರೆಡ್‌ನಾಟ್ ಬಾಡಿ, ತುಂಬಿದ ಬೇಸ್. ಆಂಪ್‌ಗೆ ಹಾಕಿದಾಗಲೇ ತೊಂದರೆ. ತೆಳು ತಂತಿಗಳು ಕಿವಿಗೆ ಚುಚ್ಚುತ್ತವೆ. ಜೋರಾಗಿ ಸ್ಟ್ರಮ್ ಮಾಡಿದರೆ ಪ್ಲಾಸ್ಟಿಕ್ ತಟ್ಟಿದಂಥ ಗಡಸು ಸದ್ದು. ಇದನ್ನು ಬಹುಪಾಲು ಸರಿಮಾಡಬಹುದು. ಅದಕ್ಕಾಗಿ ಗಿಟಾರ್ ಬದಲಿಸುವುದು ಬೇಡ.

ಇದರಲ್ಲಿ ಸ್ಯಾಡಲ್ (ತಂತಿಗಳು ಬಾಡಿಯ ಮೇಲೆ ಕೂರುವ ಸಣ್ಣ ಪಟ್ಟಿ) ಕೆಳಗೆ ಪೀಝೋ ಪಿಕಪ್ ಇದೆ, ಅಂದರೆ ಒತ್ತಡವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸೆನ್ಸರ್. ಅದು ಮುಖ್ಯವಾಗಿ ಹಿಡಿಯುವುದು ತಂತಿಯ ಒತ್ತಡವನ್ನು. ಬಾಡಿಯೊಳಗಿನ ಗಾಳಿಯ ಗುಂಗು ಅದಕ್ಕೆ ಅಷ್ಟಾಗಿ ಸಿಗುವುದಿಲ್ಲ. ಪಿಕ್ ತಗುಲಿದ ಕ್ಷಣದ ಏಟು ಮಾತ್ರ ದೊಡ್ಡದಾಗಿ ಕೇಳುತ್ತದೆ.

ಮೊದಲು ಬ್ಯಾಟರಿ ನೋಡಿ. 9 ವೋಲ್ಟ್ ಬ್ಯಾಟರಿ ಇಳಿದರೆ ಪಿಕಪ್‌ನ ಸಿಗ್ನಲ್ ಬಲಪಡಿಸುವ ಪ್ರೀಆಂಪ್ ಒಡಕು ದನಿ ಕೊಡುತ್ತದೆ, ಪಿಕಪ್ಪೇ ಹೋಯಿತು ಅನ್ನಿಸುತ್ತದೆ. ಜ್ಯಾಕ್‌ನಲ್ಲಿ ಕೇಬಲ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ನುಡಿಸಿದ ಮೇಲೆ ಕೇಬಲ್ ತೆಗೆದಿಡಿ. ಗಿಟಾರ್ ವಾಲ್ಯೂಮ್ ಪೂರ್ತಿ ಏರಿಸಿ ಆಂಪ್‌ನ ಗೇನನ್ನೂ ಏರಿಸಿದರೆ ಸಿಗ್ನಲ್ ಮಿತಿ ಮೀರಿ ಕ್ಲಿಪ್ ಆಗುತ್ತದೆ, ಅಂದರೆ ಒಡೆಯುತ್ತದೆ. ಅದೂ ಕರ್ಕಶವೇ. ಗಿಟಾರ್ ಅರ್ಧಕ್ಕಿಂತ ಸ್ವಲ್ಪ ಮೇಲಿರಲಿ, ಉಳಿದದ್ದನ್ನು ಆಂಪ್‌ನಲ್ಲಿ ತುಂಬಿಸಿ.

ಇನ್ನು ಈಕ್ಯೂ, ಅಂದರೆ ಬೇಸ್, ಮಿಡ್ (ನಡುವಿನ ಸ್ವರಗಳು), ಟ್ರೆಬಲ್ ಏರಿಳಿಸುವ ಗುಂಡಿಗಳು. ಚುಚ್ಚುತ್ತಿದೆ ಅಂದರೆ ಎಲ್ಲರ ಕೈ ಟ್ರೆಬಲ್ ಗುಂಡಿಗೇ ಹೋಗುತ್ತದೆ, ಅಲ್ವಾ? ಟ್ರೆಬಲ್ ಇಳಿಸಿದರೆ ಹೊಳಪು ಹೋಗಿ ದನಿ ಮಂಕಾಗುತ್ತದೆ, ಗಡಸು ಹಾಗೇ ಉಳಿಯುತ್ತದೆ. ಪೀಝೋದ ಗಡಸು ಹೆಚ್ಚಾಗಿ ಇರುವುದು ಮಿಡ್‌ನಲ್ಲಿ, ಸುಮಾರು 1ರಿಂದ 3 ಕಿಲೋಹರ್ಟ್ಸ್ ನಡುವೆ. ನಿಮ್ಮ ಪ್ರೀಆಂಪ್ ಅಥವಾ ಮಿಕ್ಸರ್‌ನಲ್ಲಿ ಮಿಡ್‌ನ ಫ್ರೀಕ್ವೆನ್ಸಿ ಬದಲಿಸುವ ಗುಂಡಿ ಇದ್ದರೆ ಮೊದಲು ಮಿಡ್ ಜಾಸ್ತಿ ಮಾಡಿ. ಸ್ಟ್ರಮ್ ಮಾಡುತ್ತಾ ಆ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಎಲ್ಲಿ ತೀರಾ ಅಸಹ್ಯವಾಗಿ ಕೇಳುತ್ತದೋ ಅಲ್ಲೇ ನಿಲ್ಲಿಸಿ ಮಿಡ್ಡನ್ನು ಸಾಮಾನ್ಯ ಮಟ್ಟಕ್ಕಿಂತ 3ರಿಂದ 6 ಡೆಸಿಬೆಲ್ ಕೆಳಗೆ ಇಳಿಸಿ. ನನ್ನ ಗಿಟಾರ್‌ಗೆ ಅತಿ ಹೆಚ್ಚು ಫಲ ಕೊಟ್ಟ ಉಪಾಯ ಇದೇ. ಟ್ರೆಬಲ್ ಈಗ ನಡುವಲ್ಲೇ ಇದೆ.

ಒಂದೇ ತಂತಿ ಕಿರುಚಿ, ಪಕ್ಕದ್ದು ಸಣ್ಣಗೆ ಕೇಳಿದರೆ ಈಕ್ಯೂ ಸಾಲದು. ಸ್ಯಾಡಲ್‌ನ ತಳ ಪೂರ್ತಿ ಸಮತಟ್ಟಾಗಿ ಪಿಕಪ್ ಮೇಲೆ ಕೂತಿರಬೇಕು. ಕೆಳಗೆ ಧೂಳು ಸೇರಿದರೂ ಒತ್ತಡ ಏರುಪೇರಾಗುತ್ತದೆ. ಗಾಜಿನ ಮೇಲೆ ಉಪ್ಪುಕಾಗದ ಇಟ್ಟು ತಳವನ್ನು ಉಜ್ಜಿ ಸಮ ಮಾಡುತ್ತಾರೆ. ಜಾಸ್ತಿ ಉಜ್ಜಿದರೆ ಆ್ಯಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ಇಳಿದು ಫ್ರೆಟ್‌ಗೆ ತಂತಿ ತಗುಲಿ ಝರ್ ಅನ್ನುತ್ತದೆ. ಅಭ್ಯಾಸ ಇಲ್ಲದವರು ಗಿಟಾರ್ ರಿಪೇರಿ ಮಾಡುವವರಿಗೇ ಕೊಡುವುದು ಒಳ್ಳೆಯದು.

ತಂತಿಯಲ್ಲೂ ವ್ಯತ್ಯಾಸ ಇದೆ. 80/20 ಬ್ರಾಂಝ್ ಹೊಳಪು ಜಾಸ್ತಿ, ಫಾಸ್ಫರ್ ಬ್ರಾಂಝ್ ಸ್ವಲ್ಪ ಬೆಚ್ಚಗೆ. ನಾನು ಎರಡನೆಯದಕ್ಕೇ ನಿಂತೆ. ತೆಳು ಪಿಕ್ ಬಿಟ್ಟು 1 ಮಿಲಿಮೀಟರ್ ದಪ್ಪದ್ದು ಹಿಡಿದರೆ ಟಕ್‌ಟಕ್ ಸದ್ದೂ ತಗ್ಗುತ್ತದೆ.

ಎಲೆಕ್ಟ್ರಿಕ್ ಗಿಟಾರ್‌ಗೆಂದು ಮಾಡಿದ ಆಂಪ್ ಇದಕ್ಕೆ ಹೊಂದುವುದಿಲ್ಲ. ಅದರ ಸ್ಪೀಕರ್ ಮಿಡ್ಡನ್ನೇ ಎತ್ತಿ ಹಿಡಿಯುತ್ತದೆ, ಮೇಲಿನ ಹೊಳಪನ್ನು ತುಂಡರಿಸುತ್ತದೆ. ಅಕೌಸ್ಟಿಕ್ ಆಂಪ್ ಅಥವಾ ಪಿಎ (ಸಭೆಗಳಲ್ಲಿ ಬಳಸುವ) ಸ್ಪೀಕರ್ ಸರಿ.

ನಿಮ್ಮ ಗಿಟಾರ್‌ನಲ್ಲಿ ಪ್ರೀಆಂಪ್ ಇಲ್ಲದೆ ಬರೀ ಪೀಝೋ ಇದ್ದರೆ ವಿಷಯವೇ ಬೇರೆ. ಅದಕ್ಕೆ ಕಡಿಮೆ ಅಂದರೂ 1 ಮೆಗಾಓಮ್ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ವಿದ್ಯುತ್ ತಡೆ) ಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು. ಪೀಝೋ ಒಂದು ಕೆಪಾಸಿಟರ್‌ನಂತೆ ವರ್ತಿಸುವುದರಿಂದ ಬೇಸ್ ಅಲ್ಲೇ ಸೋರಿಹೋಗಿ ಕೀರಲು ಮಾತ್ರ ಉಳಿಯುತ್ತದೆ. ಹೆಚ್ಚಿನ ಇಂಪೀಡೆನ್ಸ್‌ನ ಆಕ್ಟಿವ್ (ವಿದ್ಯುತ್ ಬೇಕಾಗುವ) ಡಿಐ ಬಾಕ್ಸ್, ಅಂದರೆ ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ, ನಡುವೆ ಹಾಕಿ. ಪ್ಯಾಸಿವ್ ಡಿಐ ಇಲ್ಲಿ ಸಾಲುವುದಿಲ್ಲ.

ಇಷ್ಟಾದರೂ ತುಂಬಾ ಜೋರಾದ ಸ್ಟ್ರಮಿಂಗ್‌ನಲ್ಲಿ ಪೀಝೋದ ಗುಣ ಇಣುಕುತ್ತದೆ. ವೇದಿಕೆಯಲ್ಲಿ ಬೇರೆ ವಾದ್ಯಗಳ ನಡುವೆ ಅದು ನನಗೆ ತೊಂದರೆ ಕೊಟ್ಟಿಲ್ಲ. ಈ ಗಿಟಾರ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಪ್ರೀಆಂಪ್‌ನಲ್ಲಿ ಮಿಡ್‌ನ ಫ್ರೀಕ್ವೆನ್ಸಿ ಬದಲಿಸಲು ಆಗದ ಕಾರಣಕ್ಕೆ. ಆ ಕೆಲಸ ನಾನು ಮಿಕ್ಸರ್‌ನಲ್ಲೇ ಮಾಡಬೇಕು. ರೆಕಾರ್ಡಿಂಗ್‌ಗೆ ಮಾತ್ರ ಪಿಕಪ್ ಬಳಸುವುದಿಲ್ಲ. 12ನೇ ಫ್ರೆಟ್ ಎದುರು ಒಂದು ಕಂಡೆನ್ಸರ್ ಮೈಕ್ ಇಡುತ್ತೇನೆ.