ಪೆಲೆಟ್, ಸೊಪ್ಪು, ಮೊಳಕೆಕಾಳು: ಜುಟ್ಟಣ್ಣ ಒಲಿದದ್ದು ಯಾವುದಕ್ಕೆ?

ನಮ್ಮ ಜುಟ್ಟಣ್ಣ ಕಾಕಟೀಲ್. ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಣಿ, ತಲೆ ಮೇಲೆ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು. (ತೋಟಕ್ಕೆ ಬರುವ ನಮ್ಮ ಹಸಿರು ಗಿಣಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅವು ತೋಟದಲ್ಲೇ ಚೆಂದ.) ಮೂರು ವರ್ಷ ಇವನಿಗೆ ಸೂರ್ಯಕಾಂತಿ ಬೀಜವೇ ಅನ್ನ. ಅಮ್ಮ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದರೆ ಮೇಲೊಂದಿಷ್ಟು ಕೋಡುಬಳೆ ಚೂರು. ಕೊನೆಗೊಮ್ಮೆ ಪಶುವೈದ್ಯರು ಎದೆ ಸವರಿ ನೋಡಿ, "ಕೊಬ್ಬು ಕಟ್ಟಿದೆ. ಬರೀ ಬೀಜ ತಿಂದರೆ ಲಿವರ್ ಕೆಡುತ್ತೆ, ವಿಟಮಿನ್ ಎ, ಕ್ಯಾಲ್ಸಿಯಂ ಎರಡೂ ಸಾಲಲ್ಲ" ಅಂದರು. ಆಗ ತೂಕ 108 ಗ್ರಾಂ.

ಮೊದಲು ತಂದಿದ್ದು ಪೆಲೆಟ್, ಅಂದರೆ ಹಕ್ಕಿಗೆಂದೇ ಮಾಡಿದ ಸಿದ್ಧ ಆಹಾರದ ಗುಳಿಗೆ. ಬೀಜದ ಮೂರ್ನಾಲ್ಕು ಪಟ್ಟು ಬೆಲೆ. ಆದರೆ ಬೇಕಾದ ಪೋಷಕಾಂಶವೆಲ್ಲ ಒಂದೊಂದು ಗುಳಿಗೆಯಲ್ಲೂ ಇರುತ್ತೆ, ಹೆಕ್ಕಿ ತಿನ್ನೋ ಆಟ ನಡೆಯಲ್ಲ. "ಬೀಜ ತೆಗೆದುಬಿಡಿ, ಎರಡು ದಿನ ಹಸಿದರೆ ತಾನೇ ತಿನ್ನುತ್ತೆ" ಎಂದು ಅಂಗಡಿಯವರು ಹೇಳಿದರು. ನಾನೂ ಕೇಳಿದೆ, ದಡ್ಡತನ. ಸಂಜೆ ಬಟ್ಟಲು ಅರ್ಧ ಖಾಲಿಯಾಗಿದ್ದು ನೋಡಿ ಖುಷಿಪಟ್ಟೆ. ಪಂಜರದ ತಳದ ಪೇಪರ್ ಎಳೆದರೆ ಅಷ್ಟೂ ಪುಡಿಯಾಗಿ ಅಲ್ಲೇ ಬಿದ್ದಿದೆ! ಮರುದಿನ ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತ. ಹಿಕ್ಕೆ ನಾಲ್ಕೈದು ಕಡುಹಸಿರು ಚುಕ್ಕೆ ಮಾತ್ರ. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 101. ಹಕ್ಕಿಗೆ ಹೀಗೆ ದಿಢೀರನೆ ಹತ್ತರಲ್ಲೊಂದು ಪಾಲು ತೂಕ ಇಳಿದರೆ ಜೀವಕ್ಕೇ ಕುತ್ತು. ಅವನಿಗೆ ಅದು ತಿನ್ನೋ ವಸ್ತು ಅಂತಲೇ ಗೊತ್ತಿಲ್ಲ, ಹಸಿವಾದರೆ ತಾನೇ ಏನು ಮಾಡ್ತಾನೆ? ಅವತ್ತೇ ಬೀಜ ವಾಪಸ್ ಹಾಕಿದೆ.

ಆಮೇಲೆ ತರಕಾರಿ. ಕ್ಯಾರೆಟ್, ಸಿಹಿಗುಂಬಳ ತುರಿದು ಬಟ್ಟಲಿಗೆ ಹಾಕಿದರೆ ಗೋಡೆಗೆ ಎರಚಿದ, ಅಷ್ಟೇ. ಮಳೆಗಾಲದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡೋ ಹಾಗೂ ಇಲ್ಲ, ಹುಳಿವಾಸನೆ ಬರುತ್ತೆ. ಸೊಪ್ಪಿನ ವಿಷಯ ಬೇರೆ. ಗಾಂಧಿ ಬಜಾರಿನಿಂದ ತಂದ ನುಗ್ಗೆಸೊಪ್ಪನ್ನು ತೊಳೆದು, ನೀರು ಕೊಡವದೆ, ತಲೆಕೆಳಗಾಗಿ ಕಟ್ಟಿದೆ. ಅವನು ಅದರೊಳಗೆ ನುಗ್ಗಿ ಮೈ ಉಜ್ಜಿದ, ಸ್ನಾನ ಮಾಡಿದ. ಮೂರನೇ ದಿನ ಎಲೆ ಹರಿದ. ಐದನೇ ದಿನ ನುಂಗಿದ. ಹಿತ್ತಲ ಬಸಳೆಯೂ ಇದೆ, ಆದರೆ ಅದರಲ್ಲಿನ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಮೈಗೆ ಸೇರದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಅಪರೂಪಕ್ಕೊಂದು ಎಲೆ.

ನನ್ನ ವೋಟು ಮಾತ್ರ ಮೊಳಕೆಕಾಳಿಗೆ. ಹೆಸರುಕಾಳು, ನವಣೆ, ರಾಗಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ತೊಳೆದು ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಸಣ್ಣ ಬಾಲ ಬಂದ ಕೂಡಲೇ ಕೊಡುವುದು. ನೋಡೋಕೆ ಬೀಜದ ಹಾಗೇ ಇದೆಯಲ್ವಾ, ಜುಟ್ಟಣ್ಣ ಅನುಮಾನವೇ ಪಡಲಿಲ್ಲ. ನವಣೆ ಕಾಳನ್ನು ನಾಲಿಗೆಯಲ್ಲಿ ಉರುಳಿಸಿ, ಸಿಪ್ಪೆ ಸುಲಿದು, ಕಣ್ಣು ಅರ್ಧ ಮುಚ್ಚಿ ಅಗಿದ. ಖರ್ಚಂತೂ ಇಲ್ಲವೇ ಇಲ್ಲ, ನಮ್ಮ ಕೋಸಂಬರಿಗೆ ಕಟ್ಟಿದ್ದರಲ್ಲೇ ಅವನ ಪಾಲು. ಒಂದೇ ತಕರಾರು ಅಂದರೆ ಜುಲೈ ತಿಂಗಳ ಥಂಡಿ. ದಿನಕ್ಕೆ ಮೂರು ಸಲ ತೊಳೆಯದಿದ್ದರೆ ಲೋಳೆ ಬರುತ್ತೆ. ಲೋಳೆ ಬಂದರೆ ಯೋಚನೆ ಮಾಡದೆ ಬಿಸಾಡಬೇಕು.

ಪೆಲೆಟ್ ದಾರಿಗೆ ಬಂದಿದ್ದೂ ಈ ಮೊಳಕೆಯಿಂದಲೇ. ಒದ್ದೆ ಕಾಳಿನ ಮೇಲೆ ಪೆಲೆಟ್ ಪುಡಿ ಉದುರಿಸಿದೆ, ಅಂಟಿಕೊಂಡಿತು, ರುಚಿ ಹತ್ತಿತು. ವಾರ ವಾರ ಪುಡಿ ದಪ್ಪ ಮಾಡುತ್ತ ಹೋದೆ, ಆರನೇ ವಾರಕ್ಕೆ ಇಡೀ ಗುಳಿಗೆ ಕಡಿದ. ಬೀಜ ಈಗ ಸಂಜೆಗೆ ಅರ್ಧ ಚಮಚ. ಅದೂ ಹೊಟ್ಟು ಊದಿ ನೋಡಿ ಹಾಕಬೇಕು, ತಿಂದು ಬಿಟ್ಟ ಹೊಟ್ಟೇ ತುಂಬಿದ ಬಟ್ಟಲಿನ ಹಾಗೆ ಕಾಣುತ್ತೆ. ಪೆಲೆಟ್ ಡಬ್ಬ ಮಾತ್ರ ಫ್ರಿಜ್‌ನಲ್ಲಿ, ನಮ್ಮೂರ ಗಾಳಿಗೆ ಹೊರಗಿಟ್ಟರೆ ಬೂಸ್ಟು.

ತೂಕ ನಿಧಾನಕ್ಕೆ ಇಳಿದು ಇವತ್ತು 97 ಗ್ರಾಂ. ಕಳೆದ ತಿಂಗಳು ಅಮ್ಮ ಹಿತ್ತಲ ಬೆಣ್ಣೆಹಣ್ಣು ತಂದು, "ಹಣ್ಣಲ್ವಾ, ಪಾಪ ತಿನ್ನಲಿ" ಎಂದು ಹೋಳು ಹಿಡಿದುಕೊಂಡು ಪಂಜರದ ಹತ್ತಿರ ಹೋಗಿದ್ದರು. ಓಡಿಹೋಗಿ ಕೈ ಹಿಡಿದೆ. ಬೆಣ್ಣೆಹಣ್ಣು ಗಿಣಿಗಳಿಗೆ ವಿಷ. ಈಗ ಅಮ್ಮ ಬಂದರೆ ಬಾಗಿಲಲ್ಲೇ ಚೀಲದ ತಪಾಸಣೆ.